ಗೋಡೆಯಲ್ಲಿದ್ದ ಕಾರ್ಡು

ನವೆಂಬರ್ 3, ಸೋಮವಾರ

ಇವತ್ತು ವಾರ್ಡಿನಲ್ಲಿ ಆಗಬಾರದ್ದು ಆಯಿತು. ಆದದ್ದನ್ನು ಆದ ಕ್ರಮದಲ್ಲೇ ಬರೆದಿಡುತ್ತೇನೆ. ನಾಳೆಯಿಂದ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಹತ್ತಿರವಾದರೂ ನೆಟ್ಟಗಿನ ಒಂದು ಲೆಕ್ಕ ಇರಲಿ.

ಹನ್ನೆರಡನೇ ಹಾಸಿಗೆ. ಹೆಣ್ಣು, ಮೂರೂವರೆ ವರ್ಷ, ತೂಕ 14 ಕೆಜಿ. ಎರಡು ದಿನದಿಂದ ವಾಂತಿ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲವೆಂದು ಬೆಳಿಗ್ಗೆ ಸೇರಿಸಿಕೊಂಡೆವು. ಡಾಕ್ಟರು ಚೀಟಿಯಲ್ಲಿ ‘ಡ್ರಿಪ್, ತೂಕದ ಪ್ರಕಾರ’ ಎಂದಷ್ಟೇ ಗೀಚಿ ಹೋದರು. ಅವರು ಯಾವತ್ತೂ ಬರೆಯುವುದು ಅಷ್ಟೇ. ಗಂಟೆಗೆ ಎಷ್ಟು ಮಿಲಿ ಎಂದು ಲೆಕ್ಕ ಹಾಕಿ, ಡ್ರಿಪ್ ಹರಿಸುವ ಪಂಪಿನಲ್ಲಿ ಒತ್ತುವುದು ನಮ್ಮ ಕೆಲಸ. ಹತ್ತೂವರೆಗೆ ಏಣಿ ಡ್ರಿಪ್ ಹಾಕಿದಳು.

ಏಣಿ ಎನ್ನುವುದು ಅವಳ ಎತ್ತರ ನೋಡಿ ಇಡೀ ಆಸ್ಪತ್ರೆ ಇಟ್ಟ ಹೆಸರು. ಮೇಲಿನ ಕಪಾಟಿನಿಂದ ಏನಾದರೂ ಬೇಕಾದರೆ ಸ್ಟೂಲು ಹುಡುಕುವ ಬದಲು ಅವಳನ್ನು ಕೂಗುತ್ತೇವೆ. ಹದಿನೇಳು ವರ್ಷ ದೊಡ್ಡವರ ವಾರ್ಡಿನಲ್ಲಿದ್ದವಳು, ಹೋದ ವಾರವಷ್ಟೇ ನನ್ನ ಮಕ್ಕಳ ವಾರ್ಡಿಗೆ ಬಂದಳು. ನಾನೇ ಮೇಟ್ರನ್ ಹತ್ತಿರ ಹಟ ಹಿಡಿದು ಕರೆಸಿಕೊಂಡೆ. ಈ ವಾರ್ಡಿನ ಹೆಡ್ ಸಿಸ್ಟರ್ ನಾನು. ಯಾರು ಬೇಕು, ಯಾರು ಬೇಡ ಎಂದು ಹೇಳುವ ಹಕ್ಕು ನನಗಿದೆ.

ಲೆಕ್ಕವನ್ನು ಇನ್ನೊಮ್ಮೆ ನೋಡಿ ಡ್ರಿಪ್ಪಿನ ಹಾಳೆಗೆ ಎರಡನೇ ಸಹಿ ಹಾಕಬೇಕಾದವಳೂ ನಾನೇ. ಸ್ಟೋರಿನ ಸಭೆ ಮುಗಿಸಿ ಬಂದು ಹಾಕಿದರಾಯಿತು ಎಂದುಕೊಂಡಿದ್ದೆ. ಸಭೆ ಮೂರೂವರೆಯವರೆಗೆ ಎಳೆಯಿತು. ಬಂದು ನೋಡಿದರೆ ಮಗುವಿನ ಮುಖ ಊದಿದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿದೆ, ಕೈಕಾಲು ಸೆಟೆದು ಅದುರುತ್ತಿದೆ. ಪಂಪಿನ ಮೇಲೆ 168. ಇರಬೇಕಾದದ್ದು 48. ಪಂಪು ನಿಲ್ಲಿಸಿ, ಮಗುವನ್ನು ಮಗ್ಗುಲಿಗೆ ಹೊರಳಿಸಿ, ಡಾಕ್ಟರನ್ನು ಕೂಗಿದೆ. ಹತ್ತು ನಿಮಿಷದಲ್ಲಿ ಐಸಿಯುಗೆ ಸಾಗಿಸಿದೆವು. ಮೈಯಲ್ಲಿ ನೀರು ಹೆಚ್ಚಾಗಿ ರಕ್ತದ ಉಪ್ಪು ಇಳಿದುಹೋಗಿದೆ, ಮಿದುಳು ಊದಿದೆ ಎಂದರು. ಹೆಚ್ಚಾಗಿ ಹೋದ ನೀರು: 168 × 5 − 48 × 5 = 600 ಮಿಲಿ.

ಸಂಜೆ ಹೊರಡುವ ಮುಂಚೆ, ಮೇಜಿನ ಮೇಲ್ಗಡೆ ಗೋಡೆಯಲ್ಲಿದ್ದ ಡ್ರಿಪ್ ಲೆಕ್ಕದ ಕಾರ್ಡನ್ನು ತೆಗೆದೆ. ಒಂದು ಮೂಲೆ ಎದ್ದುಕೊಂಡಿತ್ತು, ಹೊಸ ಟೇಪು ಹಚ್ಚಬೇಕಿತ್ತು. ಸದ್ಯಕ್ಕೆ ಈ ದಿನಚರಿಯೊಳಗೆ ಇಟ್ಟಿದ್ದೇನೆ.

ನವೆಂಬರ್ 4, ಮಂಗಳವಾರ

ಮೇಟ್ರನ್ ನಮ್ಮಿಬ್ಬರಿಂದಲೂ ಹೇಳಿಕೆ ಬರೆಸಿಕೊಂಡರು. ವಿಚಾರಣೆ ಮುಗಿಯುವವರೆಗೆ ಏಣಿಗೆ ಅಮಾನತು. ತಪ್ಪು ಅವಳದೆಂದು ತೀರ್ಮಾನವಾದರೆ ನರ್ಸುಗಳ ಪಟ್ಟಿಯಿಂದಲೇ ಹೆಸರು ತೆಗೆಯುತ್ತಾರಂತೆ. ಆಮೇಲೆ ಅವಳಿಗೆ ಯಾವ ಆಸ್ಪತ್ರೆಯಲ್ಲೂ ಕೆಲಸವಿಲ್ಲ. ತೀರಿಕೊಂಡ ತಂಗಿಯ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಾಳೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಸಿಕ್ಕಳು. ಲಾಕರಿನ ಬೀಗಕ್ಕೆ ಕೀ ಹಾಕಲು ಹೋಗಿ ಹೋಗಿ ತಪ್ಪುತ್ತಿದ್ದಳು.

“ಅಕ್ಕಾ, ನಾನು ಕಾರ್ಡು ನೋಡ್ಕೊಂಡೇ ಮಾಡಿದ್ದು. ಹತ್ತು ಕೆಜಿಗಿಂತ ನಾಲ್ಕು ಕೆಜಿ ಜಾಸ್ತಿ. ಮೇಜಿನ ಮೇಲಿರೋ ಕ್ಯಾಲ್ಕುಲೇಟರಲ್ಲಿ ಎರಡು ಸಲ ಒತ್ತಿದೆ. ಎರಡು ಸಲಾನೂ ಅದೇ ಬಂತು.”

“168 ಅಂತ ಬಂದಾಗ ಜಾಸ್ತಿ ಆಯ್ತು ಅನ್ನಿಸ್ಲಿಲ್ವಾ ನಿನಗೆ?”

“ದೊಡ್ಡವರಿಗೆ ನೂರೈವತ್ತು, ನೂರೆಂಬತ್ತು ಹಾಕಿ ಹಾಕಿ ಅಭ್ಯಾಸ ಅಕ್ಕಾ. ಕಣ್ಣಿಗೆ ಹೊಡೀಲೇ ಇಲ್ಲ.”

ಕಾರ್ಡಿನಲ್ಲಿರುವುದು ಒಂದೇ ಸಾಲು. ಹತ್ತರಿಂದ ಇಪ್ಪತ್ತು ಕೆಜಿ ತೂಕದ ಮಕ್ಕಳಿಗೆ, ಗಂಟೆಗೆ: 40 + 2 × ಹತ್ತರ ಮೇಲಿನ ಕೆಜಿ. ಈ ಮಗುವಿಗೆ 40 + 2 × 4. ಗುಣಾಕಾರ ಮೊದಲು, ಕೂಡುವುದು ಆಮೇಲೆ. ಎರಡು ನಾಲ್ಕಲೆ ಎಂಟು, ನಲವತ್ತು ಸೇರಿದರೆ ನಲವತ್ತೆಂಟು. ಅವಳು ಎಡದಿಂದ ಬಲಕ್ಕೆ ಹೋಗಿದ್ದಾಳೆ: ನಲವತ್ತೆರಡು, ಅದನ್ನು ನಾಲ್ಕರಿಂದ ಗುಣಿಸಿ ನೂರ ಅರವತ್ತೆಂಟು. ಐದನೇ ಕ್ಲಾಸಿನ ಮಕ್ಕಳು ಮಾಡುವ ತಪ್ಪು. ಅಪ್ಪ ನಲವತ್ತು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವರು. ನಾನು ಹೀಗೆ ಮಾಡಿದ್ದರೆ ಅದೇ ಲೆಕ್ಕ ಐವತ್ತು ಸಲ ಬರೆಯುವವರೆಗೆ ನನಗೆ ಊಟವಿರುತ್ತಿರಲಿಲ್ಲ. ವಾರ್ಡಿನ ಹುಡುಗಿಯರು ಬೆನ್ನ ಹಿಂದೆ ನನ್ನನ್ನೂ ಮೇಷ್ಟ್ರು ಎಂದೇ ಕರೆಯುವುದು. ನನಗೆ ಬೇಸರವಿಲ್ಲ.

ನನ್ನ ಹೇಳಿಕೆಯಲ್ಲಿ ‘ಲೆಕ್ಕ ಹಾಕುವಲ್ಲಿ ನರ್ಸಿನಿಂದ ತಪ್ಪಾಗಿದೆ’ ಎಂದು ಬರೆದೆ. ಅದು ನಿಜ ತಾನೆ. ಮೇಟ್ರನ್ ಹಾಳೆ ತೆಗೆದುಕೊಳ್ಳುತ್ತ, “ಇಂಥ ಹೊತ್ತಲ್ಲೂ ನಿನ್ನ ಅಕ್ಷರ ಮುತ್ತಿನ ಹಾಗಿದೆ ನೋಡು” ಎಂದರು.

ನವೆಂಬರ್ 5, ಬುಧವಾರ

ಹನ್ನೆರಡನೇ ಹಾಸಿಗೆ ಇನ್ನೂ ಕಣ್ಣು ಬಿಟ್ಟಿಲ್ಲ.

ನವೆಂಬರ್ 6, ಗುರುವಾರ

ಮಧ್ಯಾಹ್ನ ವಾರ್ಡು ಸ್ವಲ್ಪ ತಣ್ಣಗಿತ್ತು. ಮೇಜಿನ ಮೇಲಿನ ಕ್ಯಾಲ್ಕುಲೇಟರನ್ನು ಹತ್ತಿರ ಎಳೆದುಕೊಂಡು ಸುಮ್ಮನೆ ಒತ್ತಿದೆ. ನಲವತ್ತು, ಕೂಡು, ಎರಡು, ಗುಣಿಸು, ನಾಲ್ಕು. 168 ಎಂದಿತು.

ಮತ್ತೆ ಒತ್ತಿದೆ. ಮತ್ತೆ 168.

ಬಾಗಿಲ ಬಳಿ ಬೂಟಿನ ಡಬ್ಬವೊಂದಿದೆ. ಏಪ್ರಿಲ್‌ನಲ್ಲಿ ವಾರ್ಡಿನೊಳಗೆ ಫೋನು ಕೂಡದೆಂದು ನಾನೇ ತಂದಿಟ್ಟದ್ದು. ಒಳಗೆ ಬಂದವರೆಲ್ಲ ಫೋನನ್ನು ಅದರಲ್ಲಿ ಹಾಕಬೇಕು. ಅದರಿಂದ ನನ್ನ ಫೋನು ತೆಗೆದು ಅದೇ ಲೆಕ್ಕ ಒತ್ತಿದೆ. 48.

ಎರಡೂ ಯಂತ್ರ ಕೆಟ್ಟಿಲ್ಲ. ಫೋನು ಸಾಲನ್ನು ಪೂರ್ತಿ ಓದಿ, ಗುಣಾಕಾರ ಮೊದಲು ಮಾಡಿ, ಆಮೇಲೆ ಕೂಡುತ್ತದೆ. ಮೇಜಿನ ಮೇಲಿನ ಹಳೆಯ ಡಬ್ಬಿಗೆ ಅಷ್ಟು ತಾಳ್ಮೆಯಿಲ್ಲ. ಬೆರಳು ಒತ್ತಿದ ಹಾಗೆ ಅಲ್ಲಲ್ಲೇ ಲೆಕ್ಕ ಮುಗಿಸುತ್ತ ಹೋಗುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತೇ? ಗೊತ್ತಿತ್ತು ಅನ್ನಿಸುತ್ತದೆ. ಯಾವತ್ತೂ ಅದರ ಬಗ್ಗೆ ಯೋಚಿಸಿರಲಿಲ್ಲ, ಏಕೆಂದರೆ ನಾನು ಇಂಥ ಲೆಕ್ಕಕ್ಕೆ ಯಂತ್ರ ಮುಟ್ಟುವವಳೇ ಅಲ್ಲ.

ವಾರ್ಡಿನ ಹಳಬರಿಗೆಲ್ಲ ಈ ಲೆಕ್ಕ ಬಾಯಿಪಾಠ. ಆಗಸ್ಟ್‌ನಲ್ಲಿ ನಾನು ಕಾರ್ಡು ಬರೆದು ಅಂಟಿಸಿದ ಮೇಲೆ ಅದನ್ನು ನೋಡಿ ಲೆಕ್ಕ ಹಾಕಿದವರು ಯಾರೂ ಇರಲಿಕ್ಕಿಲ್ಲ. ನೋಡಬೇಕಾದ ಮೊದಲ ಹೊಸಬಳು ಏಣಿ.

ಆದರೂ ಕಾರ್ಡು ಸರಿಯಾಗಿದೆ. ಯಾರು ಬಂದು ಕೇಳಿದರೂ ಸರಿಯಾಗಿದೆ.

ನವೆಂಬರ್ 8, ಶನಿವಾರ

ಊಟವಾದ ಮೇಲೆ ಅಪ್ಪನ ಮುಂದೆ ಒಂದು ಚೀಟಿ ಇಟ್ಟೆ. ಅದರಲ್ಲಿ 40 + 2 × 4 ಎಂದಷ್ಟೇ ಬರೆದಿದ್ದೆ. ಅಮ್ಮ ಹೋದ ಮೇಲೆ ಅವರು ನನ್ನ ಜೊತೆಗೇ ಇದ್ದಾರೆ. ಕಿವಿ ಮಂದ, ಕೈ ನಡುಗುತ್ತದೆ, ಲೆಕ್ಕ ಮಾತ್ರ ಒಂದು ಗುಲಗಂಜಿಯಷ್ಟೂ ಮಂಕಾಗಿಲ್ಲ.

“ನಲವತ್ತೆಂಟು. ಏನೇ ಇದು, ನನಗೆ ಪರೀಕ್ಷೆನಾ?”

“ಬರೆದಿರೋದು ಸರಿ ಇದೆಯಾ ಅಪ್ಪ?”

“ಸರಿ ಇಲ್ದೆ ಏನು? ಹತ್ತಕ್ಕೆ ಹತ್ತು.”

ನನಗೆ ಬೇಕಾಗಿದ್ದದ್ದು ಇದೇ ಮಾತು. ಐದು ದಿನದಿಂದ ಇದನ್ನೇ ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಕೇಳಿದ ಮೇಲೂ ಸಮಾಧಾನವಾಗಲಿಲ್ಲ. ಚೀಟಿಗೆ ಕೈ ಚಾಚಿದೆ.

ಅಪ್ಪ ಚೀಟಿ ವಾಪಸು ಕೊಡಲಿಲ್ಲ. ಪೆನ್ಸಿಲ್ ಹುಡುಕಿ, ನಡುಗುವ ಕೈಯಲ್ಲಿ 2 × 4ರ ಆಚೆ ಈಚೆ ಎರಡು ಆವರಣ ಎಳೆದರು. ಒಂದು ದೊಡ್ಡದು, ಒಂದು ಚಿಕ್ಕದು.

“ಇದ್ಯಾಕೆ? ಬೇಡದ ಕಡೆ ಬ್ರಾಕೆಟ್ ಹಾಕಿದ್ರೆ ಅರ್ಧ ಅಂಕ ಕಳೀತೀನಿ ಅಂತ ನೀವೇ ಹೆದರಿಸ್ತಿದ್ರಿ.”

“ಹೆದರಿಸ್ತಿದ್ದೆ. ಆಗ ಮಕ್ಕಳು ನನ್ನ ಕಣ್ಣ ಮುಂದೆ ಕೂತಿರ್ತಿದ್ರು. ತಪ್ಪು ಮಾಡಿದ್ರೆ ಅಲ್ಲೇ ಕಿವಿ ಹಿಂಡಿ ತಿದ್ದುತಿದ್ದೆ. ಇದು ಯಾರಿಗೆ ಬರೆದದ್ದು?”

“ಯಾರಿಗೂ ಇಲ್ಲ.”

“ಹಾಗಾದ್ರೆ ಬೇಡ ಬಿಡು,” ಎಂದು ಆವರಣಗಳನ್ನು ರಬ್ಬರಿನಿಂದ ಅಳಿಸಲು ಹೋದರು. ಹಾಳೆ ಹರಿಯಿತು.

ನವೆಂಬರ್ 10, ಸೋಮವಾರ

ಮಗು ನಿನ್ನೆ ಕಣ್ಣು ಬಿಟ್ಟಿದೆ. ಅಮ್ಮನನ್ನು ಗುರುತು ಹಿಡಿಯಿತಂತೆ. ಮಾತು ಬಂದಿಲ್ಲ. ಎಡಗೈಗೆ ಏನು ಕೊಟ್ಟರೂ ಹಿಡಿಯುವುದಿಲ್ಲ. ಕಾದು ನೋಡಬೇಕು ಎಂದರು ಡಾಕ್ಟರು. ಈ ಮಾತನ್ನು ನಾನೇ ಎಷ್ಟು ಜನ ತಾಯಂದಿರಿಗೆ ಹೇಳಿದ್ದೇನೋ. ಇವತ್ತು ಕೇಳಿಸಿಕೊಳ್ಳುವಾಗ ಡಾಕ್ಟರ ಮೇಲೆ ಕೋಪ ಬಂತು.

ಐಸಿಯುವಿನ ಹೊರಗಿನ ಬೆಂಚಿನಲ್ಲಿ ತಾಯಿ ಕೂತಿದ್ದಳು. ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ದಪ್ಪವಾಗಿದೆ. ನಾನು ಪಕ್ಕದಲ್ಲಿ ಕೂತೆ. ಧೈರ್ಯ ಹೇಳಿದೆ, ಅದು ನನ್ನ ಕೆಲಸ.

“ಗುಬ್ಬಿ ಅಂತ ಕರೀತೀವಿ ಮನೇಲಿ. ಒಂದು ನಿಮಿಷ ಬಾಯಿ ಮುಚ್ಚೋಳಲ್ಲ,” ಎಂದಳು. ಆಮೇಲೆ ಕೇಳಿದಳು, “ಆ ಉದ್ದದ ಸಿಸ್ಟರ್ ಎಲ್ಲಿ? ಅವತ್ತು ಬೆಳಿಗ್ಗೆ ಎಷ್ಟು ಪ್ರೀತಿಯಿಂದ ತಲೆ ಬಾಚಿ ಎರಡು ಜಡೆ ಹಾಕಿದ್ರು. ನಾನು ಥ್ಯಾಂಕ್ಸ್ ಕೂಡ ಹೇಳಿದ್ದೆ. ಅಂಥೋರು ಯಾಕೆ ಸಿಸ್ಟರ್ ಹೀಗೆ ಮಾಡಿದ್ರು?”

“ಬೇಕು ಅಂತ ಯಾರೂ ಮಾಡಲ್ಲಮ್ಮ.”

“ಲೆಕ್ಕ ಬರದೇ ಇದ್ರೆ ಇನ್ನೊಬ್ಬರನ್ನ ಕೇಳಬೇಕಿತ್ತು. ನಾನು ಒಂದು ಹೊಲಿಗೆ ತಪ್ಪಿದ್ರೂ ಪಕ್ಕದೋಳನ್ನ ಕೇಳ್ತೀನಿ.”

ನಾನು ತಲೆಯಾಡಿಸಿದೆ. ಹೌದು ಎಂದು ತಲೆಯಾಡಿಸಿದೆ. ಅದನ್ನು ಬರೆದಿಡಬೇಕು.

ನವೆಂಬರ್ 11, ಮಂಗಳವಾರ

ಶುಕ್ರವಾರ ವಿಚಾರಣೆ. ಮೇಟ್ರನ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

“ಅವಳ ಹೇಳಿಕೆ ಓದಿದೆ. ನಿನ್ನ ವಾರ್ಡಿನ ಗೋಡೆ ಮೇಲೆ ಏನೋ ಕಾರ್ಡಿತ್ತು, ಅದನ್ನ ನೋಡಿ ಒತ್ತಿದೆ ಅಂತಾಳೆ. ನಾನು ಹೋಗಿ ನೋಡಿದೆ. ಗೋಡೆ ಮೇಲೆ ಏನೂ ಇಲ್ಲ. ಇತ್ತಾ ಅಂಥದ್ದು?”

“ಹಳೇದೊಂದಿತ್ತು ಮೇಡಂ. ಕಿತ್ತುಹೋಗಿರಬೇಕು.”

“ಯಾವಾಗ?”

“ಸರಿಯಾಗಿ ನೆನಪಿಲ್ಲ.”

ಅವರು ಏನೋ ಬರೆದುಕೊಂಡರು. “ತಪ್ಪು ಮಾಡಿದವರೆಲ್ಲ ಹೀಗೇ. ಗೋಡೆ ಮೇಲೆ ಹಾಕ್ತಾರೆ, ಇಲ್ಲ ಮೆಷಿನ್ ಮೇಲೆ ಹಾಕ್ತಾರೆ,” ಎಂದರು.

ಕಾರ್ಡಿತ್ತು ಎಂದು ಹೇಳಿದ್ದೇನೆ. ಕಿತ್ತದ್ದೂ ನಿಜ. ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ನೋಡಿದರೆ ನಾನು ಹೇಳಿದ್ದರಲ್ಲಿ ಸುಳ್ಳು ಸಿಗುವುದಿಲ್ಲ. ಒಂದನ್ನು ಬಿಟ್ಟು. ನೆನಪಿಲ್ಲ ಎಂದದ್ದು.

ಇಪ್ಪತ್ತೊಂಬತ್ತು ವರ್ಷ ಒಂದು ಕಪ್ಪು ಚುಕ್ಕೆಯಿಲ್ಲದೆ ಕೆಲಸ ಮಾಡಿದ್ದೇನೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಸರಿಯಾಗಿ ಬರೆದ ಒಂದು ಸಾಲಿಗೆ ನಾನೇಕೆ ತಲೆ ಕೊಡಬೇಕು?

ನವೆಂಬರ್ 12, ಬುಧವಾರ

ಕೆಲಸ ಮುಗಿಸಿ ಅವಳ ಮನೆಗೆ ಹೋದೆ. ಏಕೆ ಹೋದೆನೋ. ಹೇಗಿದ್ದಾಳೆ ಎಂದು ನೋಡಲು ಎಂದುಕೊಂಡೆ.

ಮೂರನೇ ಮಹಡಿ. ಎರಡು ಕೋಣೆ. ಅವಳು ಅಡುಗೆಮನೆಯ ಕಪಾಟಿನ ನೆತ್ತಿಯನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದಳು, ಯಾರ ಕಣ್ಣಿಗೂ ಬೀಳದ ಜಾಗ. ನನ್ನನ್ನು ಕಂಡದ್ದೇ ಮುಖ ಅರಳಿತು. ಅದನ್ನು ನೋಡಲಾರದೆ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

“ಆಸ್ಪತ್ರೆಯಿಂದ ಬಂದವರು ನೀವೊಬ್ಬರೇ ಅಕ್ಕಾ.”

ಚಹಾ ತಂದಳು. ಮೇಜಿನ ಮೇಲೆ ತಂಗಿ ಮಗಳ ಶಾಲೆಯ ನೋಟುಬುಕ್ಕು ತೆರೆದಿತ್ತು. ಪುಟದ ತುಂಬ ಒಂದೇ ಲೆಕ್ಕ. 40 + 2 × 4, ಕೆಳಗೆ 40 + 2 × 4, ಅದರ ಕೆಳಗೂ. ಕೆಲವು ಕಡೆ 48, ಕೆಲವು ಕಡೆ 168. ಅವಳ ಅಕ್ಷರ ಮೊದಲೇ ಕಾಗೆ ಕಾಲು, ಅದರ ಮೇಲೆ ತಿದ್ದಿ ತಿದ್ದಿ ಕಪ್ಪಾಗಿತ್ತು.

“ದೊಡ್ಡೋಳು ಹೇಳಿಕೊಟ್ಟಳು, ಗುಣಾಕಾರ ಮೊದಲು ಅಂತ. ಚಿಕ್ಕವಳಿದ್ದಾಗ ನಾನೂ ಕಲ್ತಿದ್ದೆ ಅಕ್ಕಾ. ಆದ್ರೆ ಆ ಹೊತ್ತಲ್ಲಿ ಅದು ಲೆಕ್ಕ ಅಂತಾನೇ ಅನ್ನಿಸ್ಲಿಲ್ಲ. ಹೀಗೆ ಒತ್ತು ಅಂತ ಬರೆದಿದ್ದಾರೆ, ಒತ್ತಬೇಕು ಅಂತ ಒತ್ತಿದೆ.” ನೋಟುಬುಕ್ಕು ಮುಚ್ಚಿದಳು. “ಮೇಟ್ರನ್ ಫೋನ್ ಮಾಡಿದ್ರು. ಗೋಡೆ ಮೇಲೆ ಕಾರ್ಡೇ ಇಲ್ವಂತೆ. ಅಕ್ಕಾ, ಇತ್ತಲ್ವಾ? ನಾನು ನಿಂತ್ರೆ ಸರಿಯಾಗಿ ನನ್ನ ಕಣ್ಣ ಎದುರಿಗೇ ಇತ್ತು. ಈಗ ನನಗೇ ಅನುಮಾನ. ಗಾಬರೀಲಿ ನಾನೇ ಕಲ್ಪಿಸ್ಕೊಂಡ್ನಾ? ತಲೆ ಕೆಟ್ಟಿದೆಯಾ ನನಗೆ?”

ನಾನು ಚಹಾ ಕುಡಿದೆ. ಬಿಸಿ ಇತ್ತು, ನಾಲಿಗೆ ಸುಟ್ಟಿತು. “ವಿಶ್ರಾಂತಿ ತಗೋ,” ಎಂದು ಎದ್ದು ಬಂದೆ.

ಮನೆಗೆ ಬಂದು ದಿನಚರಿಯಿಂದ ಕಾರ್ಡು ತೆಗೆದೆ. ಹತ್ತು ದಿನದಿಂದ ಅದರ ಮುಂಭಾಗವನ್ನೇ ನೋಡುತ್ತಿದ್ದೇನೆ. ಇವತ್ತು ತಿರುಗಿಸಿದೆ. ಹಿಂದೆ ನನಗಿಂತ ಮುಂಚೆ ಇದ್ದ ಹೆಡ್ ಸಿಸ್ಟರ್ ಬರೆದದ್ದಿದೆ. ಆಗಸ್ಟ್‌ನಲ್ಲಿ ಹೊಸ ರಟ್ಟು ಸಿಗದೆ ಅವರ ಕಾರ್ಡನ್ನೇ ಮಗುಚಿ ಅದರ ಬೆನ್ನಿನ ಮೇಲೆ ನಾನು ಬರೆದಿದ್ದೆ. ಅವರದು ಹೀಗಿದೆ: (ಹತ್ತರ ಮೇಲಿನ ಕೆಜಿ × 2) + 40. ಆವರಣ ಕೆಂಪು ಶಾಯಿಯಲ್ಲಿ, ಬೆರಳಿನಷ್ಟು ದಪ್ಪ. ಇದನ್ನು ಮಗುಚುವಾಗ ನಾನು ಪಕ್ಕದವಳಿಗೆ ತೋರಿಸಿ ನಕ್ಕಿದ್ದೆ. ‘ನಾವೇನು ಬಾಲವಾಡಿ ನಡೆಸ್ತಿದ್ದೀವಾ’ ಎಂದಿದ್ದೆ. ಆವರಣ ತೆಗೆದೆ, ದೊಡ್ಡ ಸಂಖ್ಯೆ ಮುಂದಿದ್ದರೆ ಲಕ್ಷಣ ಎಂದು ನಲವತ್ತನ್ನು ಮುಂದೆ ತಂದೆ.

ಆ ಹಳೆಯ ಸಾಲನ್ನು ಇದ್ದ ಹಾಗೇ ಯಾವ ಯಂತ್ರದಲ್ಲಿ ಒತ್ತಿದರೂ 48 ಬರುತ್ತದೆ. ನಾಲ್ಕು, ಗುಣಿಸು, ಎರಡು, ಕೂಡು, ನಲವತ್ತು. ಅವರಿಗೆ ನನ್ನಷ್ಟು ಲೆಕ್ಕ ಬರುತ್ತಿರಲಿಲ್ಲ.

ನನಗೆ ನಾಚಿಕೆಯಾಗುತ್ತಿದೆ. ಬೇರೆ ಶಬ್ದ ಹುಡುಕಿದೆ, ಸಿಗಲಿಲ್ಲ.

ನವೆಂಬರ್ 13, ಗುರುವಾರ

ನಾಳೆ ಏನು ಹೇಳಬೇಕೆಂದು ಪಟ್ಟಿ ಮಾಡಿದೆ. ಮೊದಲು ಇಪ್ಪತ್ತೊಂಬತ್ತು ವರ್ಷದ ಸೇವೆ. ಆಮೇಲೆ ಡಾಕ್ಟರು ಚೀಟಿಯಲ್ಲಿ ಸಂಖ್ಯೆ ಬರೆಯದಿರುವುದು. ಆಮೇಲೆ ಸ್ಟೋರಿನ ಸಭೆ ನಾನು ಕರೆದದ್ದಲ್ಲ ಎನ್ನುವುದು. ಆಮೇಲೆ ಹಳೆಯ ಕ್ಯಾಲ್ಕುಲೇಟರು. ಕೊನೆಗೆ, ಕೇಳಿದರೆ, ಕಾರ್ಡು.

ಓದಿ ನೋಡಿದೆ. ಈ ಕ್ರಮದಲ್ಲಿ ಹೇಳಿದರೆ ಕಾರ್ಡಿನವರೆಗೆ ಹೋಗುವಷ್ಟರಲ್ಲಿ ಅವರೆಲ್ಲ ನನಗೆ ಸಮಾಧಾನ ಹೇಳುತ್ತಿರುತ್ತಾರೆ.

ಹಾಳೆ ಹರಿದುಹಾಕಿದೆ. ಕಾರ್ಡು ಮೊದಲು. ಉಳಿದದ್ದನ್ನು ಅವರು ಕೇಳಿದರೆ ಆಮೇಲೆ.

ನವೆಂಬರ್ 14, ಶುಕ್ರವಾರ

ಉದ್ದ ಮೇಜು. ಮೇಟ್ರನ್, ನಮ್ಮ ಸೂಪರಿಂಟೆಂಡೆಂಟ್, ಹೊರಗಿನಿಂದ ಬಂದ ಒಬ್ಬ ಅಧಿಕಾರಿ. ಇನ್ನೊಂದು ತುದಿಯಲ್ಲಿ ಏಣಿ, ಕುರ್ಚಿಯ ಅಂಚಿಗೆ ಕೂತು. ಅಷ್ಟು ಎತ್ತರದವಳು ಅದು ಹೇಗೋ ಕುಗ್ಗಿಹೋಗಿದ್ದಳು.

ನನ್ನ ಸರದಿ ಬಂದಾಗ ಕೂರುವುದಕ್ಕೂ ಮುಂಚೆ ಕಾರ್ಡನ್ನು ಮೇಜಿನ ಮೇಲಿಟ್ಟೆ.

“ಇದೇ ಆ ಕಾರ್ಡು. ಬರೆದದ್ದು ನಾನು. ಗೋಡೆಯಿಂದ ತೆಗೆದದ್ದೂ ನಾನು.”

ಮೇಟ್ರನ್ ಮುಖ ಕೆಂಪಾಯಿತು. “ಕಿತ್ತುಹೋಗಿರಬೇಕು ಅಂದೆಯಲ್ಲ ನನ್ನ ಹತ್ತಿರ?”

“ಸುಳ್ಳು ಹೇಳಿದೆ ಮೇಡಂ. ಅವತ್ತು ಸಂಜೆಯಿಂದ ನನ್ನ ದಿನಚರೀಲಿತ್ತು.”

ಅಧಿಕಾರಿ ಕಾರ್ಡನ್ನು ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು. ಫೋನಿನಲ್ಲಿ ಒತ್ತಿ ನೋಡಿದರು. “ನಲವತ್ತೆಂಟು. ಇದರಲ್ಲಿ ತಪ್ಪೇನಿದೆ ಸಿಸ್ಟರ್? ಸರಿಯಾಗೇ ಬರೆದಿದ್ದೀರಲ್ಲ.”

ಸುಮ್ಮನಿದ್ದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಕ್ಷಣ ಸುಮ್ಮನೇ ಇದ್ದೆ, ಅದನ್ನೂ ಬರೆಯುತ್ತೇನೆ. ಆಮೇಲೆ ಚೀಲದಿಂದ ವಾರ್ಡಿನ ಕ್ಯಾಲ್ಕುಲೇಟರ್ ತೆಗೆದು ಅವರ ಮುಂದೆ ಇಟ್ಟೆ.

“ವಾರ್ಡಲ್ಲಿ ಫೋನು ಮುಟ್ಟೋ ಹಾಗಿಲ್ಲ ಅಂತ ರೂಲ್ಸು ಮಾಡಿದ್ದು ನಾನು. ಅವಳ ಕೈಯಲ್ಲಿದ್ದದ್ದು ಇದು. ಕಾರ್ಡಲ್ಲಿ ಹೇಗಿದೆಯೋ ಹಾಗೇ ಇದರಲ್ಲಿ ಒತ್ತಿ ಸರ್.”

ಒತ್ತಿದರು. ಹುಬ್ಬು ಗಂಟಿಕ್ಕಿ ಯಂತ್ರವನ್ನು ಅಂಗೈ ಮೇಲೆ ಎರಡು ಸಲ ತಟ್ಟಿದರು. “ಬ್ಯಾಟರಿ ಹೋಗಿದೆಯೇನೋ,” ಎಂದು ಮತ್ತೆ ಒತ್ತಿದರು. ಎರಡು ಸಲ. ಎರಡು ಸಲವೂ ಅದೇ ಬಂತು. ಸೂಪರಿಂಟೆಂಡೆಂಟ್ ಕೈಚಾಚಿ ಇಸಿದುಕೊಂಡು ತಾವೂ ಒತ್ತಿದರು. 168.

“ಹಿಂದೆ ತಿರುಗಿಸಿ,” ಎಂದೆ. “ಅದು ಮೊದಲಿದ್ದದ್ದು. ಹಾಗೇ ಬಿಟ್ಟಿದ್ರೆ ಏನೂ ಆಗ್ತಿರಲಿಲ್ಲ. ನನಗೆ ಅದು ಚೆನ್ನಾಗಿ ಕಾಣಿಸ್ಲಿಲ್ಲ ಅಂತ ಬದಲಾಯಿಸ್ದೆ.”

ಕಾರ್ಡು ಕೈಯಿಂದ ಕೈಗೆ ದಾಟಿ ಮೇಜಿನ ತುದಿಗೆ ಹೋಯಿತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು.

“ಇತ್ತು,” ಎಂದಳು. “ಗೋಡೇಲಿತ್ತು.”

ನನ್ನ ಕಡೆ ನೋಡಲಿಲ್ಲ.

ನವೆಂಬರ್ 17, ಸೋಮವಾರ

ಈಗ ಅಮಾನತು ನನಗೆ. ಅವಳನ್ನು ವಾಪಸು ಕರೆದಿದ್ದಾರೆ. ಎಚ್ಚರಿಕೆಯ ಪತ್ರವೊಂದನ್ನು ಕೊಟ್ಟಿದ್ದಾರೆ, ಅಷ್ಟೇ. ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ನನ್ನ ವಿಷಯ ಮುಂದಿನ ತಿಂಗಳು.

ಬೇರೆಯವರ ಬಾಯಿಂದ ತಿಳಿಯುವ ಮುಂಚೆ ನಾನೇ ಹೇಳಬೇಕೆಂದು ಗುಬ್ಬಿಯ ಅಮ್ಮನ ಹತ್ತಿರ ಹೋದೆ. ಯೂನಿಫಾರ್ಮಿಲ್ಲದೆ ಆಸ್ಪತ್ರೆಯೊಳಗೆ ನಡೆಯುವುದು ವಿಚಿತ್ರ. ಕಾವಲುಗಾರ ಯಾರನ್ನು ನೋಡಬೇಕು ಎಂದು ಕೇಳಿದ. ಗುಬ್ಬಿಯನ್ನು ಐಸಿಯುವಿನಿಂದ ಹೊರಗೆ ತಂದಿದ್ದಾರೆ. ಒಂದೆರಡು ಶಬ್ದ ಆಡುತ್ತಾಳೆ. ಎಡಗೈಗೆ ಚಮಚ ಕೊಟ್ಟರೆ ಬೀಳಿಸುತ್ತಾಳೆ, ಬಿದ್ದದ್ದನ್ನು ನೋಡುತ್ತಾಳೆ, ಅಳುವುದಿಲ್ಲ. ಆ ಕೈ ಪೂರ್ತಿ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತು ಹಾಳೆಯಲ್ಲಿ ಬರೆದು ತೋರಿಸಿದೆ. ಹೋಗಬೇಕಾದದ್ದು ಇಷ್ಟು, ಹೋದದ್ದು ಇಷ್ಟು, ಐದು ಗಂಟೆ: (168 − 48) × 5 = 600. ಅದು ಹೇಗಾಯಿತು, ನಾನು ಏನು ಬರೆದಿದ್ದೆ, ಏನು ಬಚ್ಚಿಟ್ಟೆ, ಎಲ್ಲ ಹೇಳಿದೆ. ಅವಳು ಅಂಕಿಗಳ ಮೇಲೆ ಬೆರಳಿಟ್ಟು ನಿಧಾನ ಓದಿದಳು.

“ಅವತ್ತು ನೀವು ನನ್ನ ಪಕ್ಕ ಕೂತಿದ್ರಲ್ಲ. ಆಗ ಗೊತ್ತಿತ್ತಾ?”

“ಗೊತ್ತಿತ್ತು.”

“ಅವರನ್ನ ಬೈದೆ. ನೀವು ತಲೆ ಆಡಿಸಿದ್ರಿ.”

“ಹೌದು.”

“ಎದ್ದು ಹೋಗಿ,” ಎಂದಳು. ಗಟ್ಟಿಯಾಗಿ ಹೇಳಲಿಲ್ಲ. ಮಗು ಮಲಗಿತ್ತು.

ನವೆಂಬರ್ 18, ಮಂಗಳವಾರ

ಏನೂ ಇಲ್ಲ. ಅಪ್ಪನಿಗೆ ವಿಷಯ ಹೇಳಿದೆ. ಕೇಳಿಸಲಿಲ್ಲವೇನೋ ಎಂದು ಎರಡನೇ ಸಲ ಹೇಳಹೊರಟರೆ ಕೈಯೆತ್ತಿ ತಡೆದರು.

ನವೆಂಬರ್ 21, ಶುಕ್ರವಾರ

ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ಏಣಿ ನಿಂತಿದ್ದಳು. ಮೂರು ದಿನದಿಂದ ಫೋನು ಮಾಡುತ್ತಿದ್ದೆ, ಎತ್ತಿರಲಿಲ್ಲ.

“ಬಾಮ್ಮ ಬಾ, ನಮ್ಮ ಬಾಗಿಲು ಗಿಡ್ಡ, ತಲೆ ಜೋಪಾನ,” ಎಂದರು ಅಪ್ಪ. ಅವರಿಗೆ ಒಂದು ನಗು ಕೊಟ್ಟು ಒಳಗೆ ಬಂದಳು. ಕೂರಲಿಲ್ಲ. ಚೀಲದಿಂದ ಒಂದು ಹೊಸ ಬಿಳಿ ರಟ್ಟು, ಕಪ್ಪು ಪೆನ್ನು, ಕೆಂಪು ಪೆನ್ನು, ವಾರ್ಡಿನ ಆ ಕ್ಯಾಲ್ಕುಲೇಟರು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

“ನನ್ನನ್ನ ಮಕ್ಕಳ ವಾರ್ಡಲ್ಲೇ ಇಟ್ಟಿದ್ದಾರೆ. ನಾನೇ ಕೇಳಿದೆ. ಗೋಡೆ ಖಾಲಿ ಇದೆ. ನನ್ನ ಅಕ್ಷರ ಯಾರಿಗೂ ಓದಕ್ಕಾಗಲ್ಲ. ನಾನು ಹೇಳ್ತೀನಿ, ಹೇಳಿದ ಹಾಗೇ ಬರೀರಿ.”

ನಾನು ಕೂತು ಪೆನ್ನು ತೆಗೆದುಕೊಂಡೆ.

“ಮೇಲ್ಗಡೆ, ಹತ್ತರಿಂದ ಇಪ್ಪತ್ತು ಕೆಜಿ. ಒಂದು. ತೂಕದಿಂದ 10 ಕಳೆಯಿರಿ. ಎರಡು. ಉಳಿದದ್ದನ್ನು 2ರಿಂದ ಗುಣಿಸಿ. ಮೂರು. ಬಂದದ್ದಕ್ಕೆ 40 ಕೂಡಿಸಿ. ಒಂದೊಂದೂ ಬೇರೆ ಸಾಲು. ಕೆಳಗೆ ಕೆಂಪಲ್ಲಿ: 60ಕ್ಕಿಂತ ಹೆಚ್ಚು ಬಂದರೆ ತಪ್ಪು. ಪಂಪು ಮುಟ್ಟಬೇಡಿ. ಯಾರನ್ನಾದರೂ ಕೂಗಿ.”

“ಉದಾಹರಣೆ ಒಂದು ಹಾಕ್ಲಾ?”

ಅವಳು ಕ್ಯಾಲ್ಕುಲೇಟರನ್ನು ಕೈಗೆತ್ತಿಕೊಂಡಳು. “ಹಾಕಿ. 14 ಕೆಜಿ. 48.”

ಬರೆದೆ. 8ರ ಎರಡು ಸೊನ್ನೆಗಳು ಸಮವಾಗಿ ಬರಲಿಲ್ಲ. ಅವಳು ಕಾರ್ಡು ನೋಡುತ್ತ ನಿಂತೇ ಕ್ಯಾಲ್ಕುಲೇಟರಿನಲ್ಲಿ ಒಂದೊಂದೇ ಸಾಲು ಒತ್ತಿ ಪರೀಕ್ಷಿಸಿದಳು. ಮೂರು ಸಲ. ಆಮೇಲೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡಳು.

“ಗುಬ್ಬಿ ನಿನ್ನೆ ಬಾಚಣಿಗೆ ಹಿಡ್ಕೊಂಡಳು, ಎಡಗೈಲಿ. ಬಿಟ್ಟಳು, ಆದ್ರೆ ಹಿಡ್ಕೊಂಡಳು,” ಎಂದಳು.

ನಾನು ಕ್ಷಮಿಸು ಎಂದೆ. ಇನ್ನೂ ಏನೇನೋ ಹೇಳಬೇಕೆಂದುಕೊಂಡಿದ್ದೆ. ಅವಳು ಚೀಲದ ಜಿಪ್ಪು ಎಳೆಯುತ್ತ ಕೇಳಿಸಿಕೊಂಡಳು.

“ಕಾರ್ಡಿಗಲ್ಲ ನನಗೆ ಬೇಜಾರು. ಒತ್ತಿದ್ದು ನನ್ನ ಬೆರಳು, ಅದು ನನ್ನ ಜೊತೆ ಇರುತ್ತೆ. ನಾವಿಬ್ಬರೂ ಒಟ್ಟಿಗೆ ಕೂತು ಅಳಬಹುದಿತ್ತು. ನಾನು ಇತ್ತಾ ಅಂತ ಕೇಳಿದೆ. ನೀವು ಚಹಾ ಕುಡಿದ್ರಿ.”

ಬಾಗಿಲವರೆಗೆ ಹೋದೆ. ಅವಳು ತಲೆ ಬಗ್ಗಿಸಿ ಹೊರಗೆ ದಾಟಿದಳು, ಅಪ್ಪನಿಗೆ ಕೈ ಮಾಡಿದಳು. ಹದಿನೇಳು ವರ್ಷ ನನ್ನನ್ನು ಅಕ್ಕಾ ಎನ್ನುತ್ತಿದ್ದವಳು ಮೆಟ್ಟಿಲು ಇಳಿಯುತ್ತ, “ಬರ್ತೀನಿ, ಮೇಡಂ,” ಎಂದಳು.